ಕತ್ತರಿಸಿದ ನಾಲ್ಕು ನಿಮಿಷ

ಸಾಗರದಿಂದ ಹೊಸನಗರಕ್ಕೆ ಹೋಗುವ ಖಾಸಗಿ ಬಸ್ಸು ಬೆಳಿಗ್ಗೆ ಎಂಟೂ ಹತ್ತಕ್ಕೆ ಹೊರಟಿತು. ಫೆಬ್ರವರಿಯ ಮೊದಲ ವಾರ, ಚಳಿ ಇನ್ನೂ ಪೂರ್ತಿ ಹೋಗಿರಲಿಲ್ಲ. ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಟಿಕೆಟ್ಟಿಗೆ ಐವತ್ತೈದು ರೂಪಾಯಿ. ನಿಮಗೆಲ್ಲ ಬಸ್ಸು ಪುಕ್ಕಟೆಯಲ್ಲವಾ ಎಂದು ನನ್ನ ತಮ್ಮ ಆಗಾಗ ಛೇಡಿಸುತ್ತಾನೆ. ಆ ಭಾಗ್ಯ ಸರ್ಕಾರಿ ಬಸ್ಸು ಓಡುವ ರಸ್ತೆಯ ಹೆಂಗಸರದ್ದು, ನಮ್ಮ ಕಡೆ ಓಡುವುದು ಹೆಚ್ಚಿನಂಶ ಖಾಸಗಿಯವೇ. ಚೀಲದಲ್ಲಿ ನೀರಿನ ಬಾಟಲಿ, ಒಂದು ಶಾಲು, ಫೋನಿನ ಚಾರ್ಜರು. ಫೋನಿನೊಳಗೆ ನಾಲ್ಕು ನಿಮಿಷದ ಒಂದು ರೆಕಾರ್ಡಿಂಗ್. ಅದನ್ನು ಹೊಸನಗರದ ಮಂಜುನಾಥ ಭಟ್ಟರಿಗೆ ಕೇಳಿಸಿ, ತಪ್ಪಾಯಿತು ಎಂದು ಹೇಳಿ, ಸಂಜೆಯೊಳಗೆ ಮನೆ ಸೇರುವುದು ನನ್ನ ಯೋಜನೆಯಾಗಿತ್ತು.

‘ದಣಪೆ’ ಜಾಲಪತ್ರಿಕೆಯನ್ನು ಫೋನಿನಲ್ಲಿ ಓದುವ ನಿಮಗೆ ನಾನು ಸಂದರ್ಶನಗಳ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುವ ಹೆಸರು. ಹೊಟ್ಟೆಪಾಡಿಗೆ ಸಾಗರದಲ್ಲಿ ಒಂದು ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೇನೆ. ಲಗ್ನಪತ್ರಿಕೆ, ಸೊಸೈಟಿಯ ವರದಿ, ಅರ್ಜಿ, ಕಥೆ, ಕವಿತೆ, ಯಾವುದನ್ನು ತಂದರೂ ಟೈಪು ಮಾಡಿಕೊಡುತ್ತೇನೆ. ಹಾಗೆ ಬಂದ ಬರಹಗಾರರ ಪರಿಚಯದಿಂದಲೇ ಈ ಜಾಲಪತ್ರಿಕೆ ಶುರುವಾದದ್ದು. ಕಾಲೇಜಿನಲ್ಲಿ ಪಾಠ ಹೇಳುವ ರವೀಂದ್ರ ಅದರ ತಾಂತ್ರಿಕ ಕೆಲಸ ನೋಡುತ್ತಾನೆ. ತಿಂಗಳಿಗೊಂದು ಸಂದರ್ಶನ ಮಾಡುವುದು, ರೆಕಾರ್ಡಿಂಗ್ ಕೇಳಿ ಬರಹಕ್ಕೆ ಇಳಿಸುವುದು, ಕತ್ತರಿಸುವುದು ನನ್ನ ಪಾಲು.

ಕತ್ತರಿಸುವುದರಲ್ಲಿ ನನಗೆ ಸ್ವಲ್ಪ ಜಂಬವೂ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ. ನಮ್ಮ ಲೇಖಕರನ್ನು ಮಾತಿಗೆ ಕೂರಿಸಿದರೆ ಮೊದಲ ಕಾಲು ಗಂಟೆ ಉಪಕಾರ ಸ್ಮರಣೆಗೇ ಹೋಗುತ್ತದೆ. ಹೈಸ್ಕೂಲಿನ ಮೇಷ್ಟ್ರು, ಲೈಬ್ರರಿಯವರು, ಪುಸ್ತಕ ಬಿಡುಗಡೆಯ ಕಾಫಿಗೆ ಹಾಲು ಕೊಟ್ಟವರು, ಭಾವ, ಭಾವನ ಸ್ನೇಹಿತರು. ಫೋನಿನಲ್ಲಿ ಓದುವವರು ಇದನ್ನೆಲ್ಲ ಯಾಕೆ ಓದುತ್ತಾರೆ? ಅದಕ್ಕೆ ನಾನೊಂದು ನಿಯಮ ಮಾಡಿಕೊಂಡಿದ್ದೆ. ಯಾರನ್ನಾದರೂ ನೆನೆಯುವ ಭಾಗ ಬಂತೋ, ಕತ್ತರಿ. ಎರಡನೆಯ ಸಲ ಓದಿಯೂ ನೋಡುತ್ತಿರಲಿಲ್ಲ.

ಹೂವಪ್ಪನವರ ಸಂದರ್ಶನಕ್ಕೂ ಹಾಗೇ ಮಾಡಿದೆ. ಅವರು ಹೊಸನಗರದ ಕಡೆ ಹಳ್ಳಿ ಹಳ್ಳಿಗೆ ಸೈಕಲ್ಲಿನಲ್ಲಿ ಅಂಚೆ ಹಂಚಿ ನಿವೃತ್ತರಾದವರು. ಈಗ ಇಕ್ಕೇರಿ ರಸ್ತೆಯಲ್ಲಿ ಮನೆ. ಅರವತ್ತು ದಾಟಿದ ಮೇಲೆ ಮೊದಲ ಕಥಾಸಂಕಲನ ಬಂತು. ನಾನು ಟೈಪು ಮಾಡಿದ ಕಥೆಗಳಲ್ಲಿ, ಟೈಪು ಮಾಡುವುದನ್ನು ಮರೆತು ಓದುತ್ತಾ ಕೂತದ್ದು ಅವರ ಕಥೆಗಳನ್ನು ಮಾತ್ರ. ಸೆಪ್ಟೆಂಬರಿನಲ್ಲಿ ಅವರ ಜೊತೆ ಒಂದು ಗಂಟೆಗೂ ಮೇಲೆ ಮಾತಾಡಿದೆ. ಅದರಲ್ಲಿ ನಾಲ್ಕು ನಿಮಿಷ ಅವರು ಯಾರೋ ಅಡುಗೆ ಭಟ್ಟರನ್ನು ನೆನೆದರು. ಆ ನಾಲ್ಕು ನಿಮಿಷ ಹಾರಿಸಿದೆ. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ನಾಲ್ಕು ಜನ ಒತ್ತಿ ನೋಡಲಿ ಎಂದು ಮೇಲೊಂದು ತಲೆಬರಹ ಕೊಟ್ಟೆ: ‘ಯಾರ ನೆರವೂ ಇಲ್ಲದೆ ಕಥೆಗಾರನಾದ ಅಂಚೆಯಣ್ಣ’.

ಜನ ಒತ್ತಿದರು. ವಾಟ್ಸಪ್ಪಿನಲ್ಲಿ ಅದು ಮೂರು ತಾಲ್ಲೂಕು ಸುತ್ತಿತು. ಹೂವಪ್ಪನವರಿಗೆ ಲಿಂಕ್ ಕಳಿಸಿದಾಗ ಎರಡು ಮುಗಿದ ಕೈಗಳು ಬಂದವು. ಖುಷಿಯಾಗಿದ್ದಾರೆ ಎಂದುಕೊಂಡು ನಾನೂ ಖುಷಿಪಟ್ಟೆ. ಅದಾದ ಮೇಲೆ ಅವರು ಕಥೆ ತರುವುದು ನಿಂತಿತು. ಜನವರಿಯಲ್ಲಿ ಆಧಾರ್ ಕಾರ್ಡಿನ ಜೆರಾಕ್ಸಿಗೆ ಬಂದಾಗ ಕೇಳಿದೆ. ಕಥೆ ಇದೆ, ಕೇಳುವವರಿಲ್ಲ ಎಂದರು. ಒತ್ತಾಯ ಮಾಡಿದ ಮೇಲೆ ಬಾಯಿಬಿಟ್ಟರು. ಅವರ ಪ್ರತಿ ಕಥೆಯನ್ನೂ ಮೊದಲು ಕೇಳುವುದು ಆ ಅಡುಗೆಯ ಮಂಜುನಾಥ ಭಟ್ಟರು. ಸಂದರ್ಶನ ಬಂದಾಗಿನಿಂದ ಭಟ್ಟರು ಇವರ ಫೋನು ಎತ್ತುತ್ತಿಲ್ಲ.

ಆಗಲೇ ಹೇಳಬಾರದಿತ್ತಾ, ಎರಡು ನಿಮಿಷದಲ್ಲಿ ತಿದ್ದಿ ಹಾಕುತ್ತಿದ್ದೆವಲ್ಲ ಎಂದೆ. ಅವರು ನನ್ನನ್ನು ಕನಿಕರದಿಂದ ನೋಡಿದರು.

“ಡಬ್ಬಿಗೆ ಹಾಕಿದ್ ಕಾಗದ ವಾಪಸ್ ತೆಗಿಯಕ್ಕೆ ಬರಲ್ಲ ಮೇಡಂ. ಹಂಗಂತ ನಾನೇ ಎಷ್ಟ್ ಜನಕ್ಕೆ ಹೇಳಿದೀನಿ.”

ಸಿಟ್ಟಿನಲ್ಲಿ ಬರೆದು ಹಾಕಿ, ಮರುದಿನ ಅಂಚೆ ಡಬ್ಬಿಯ ಹತ್ತಿರ ಕಾಯುತ್ತಾ ನಿಲ್ಲುತ್ತಿದ್ದವರಿಗೆಲ್ಲ ಇಲ್ಲ ಎಂದು ತಲೆಯಾಡಿಸಿದ ಮನುಷ್ಯ ಅವರು. ತನಗೊಂದು ನ್ಯಾಯ, ಊರಿಗೊಂದು ನ್ಯಾಯ ಮಾಡಲು ಅವರಿಗೆ ಮನಸ್ಸು ಬಂದಿರಲಿಲ್ಲ. ನಾನು ಆವತ್ತೇ ತಲೆಬರಹ ಬದಲಿಸಿದೆ, ನಾಲ್ಕು ನಿಮಿಷವನ್ನೂ ಸೇರಿಸಿದೆ. ಆದರೆ ಜನರ ಫೋನುಗಳಲ್ಲಿ ಆಗಲೇ ಹಂಚಿಹೋದದ್ದು ಹಳೆಯ ತಲೆಬರಹವನ್ನೇ ಹೊತ್ತುಕೊಂಡು ಕೂತಿತ್ತು. ಅದನ್ನು ತೆಗೆಯಲು ರವೀಂದ್ರನಿಗೂ ಬರಲಿಲ್ಲ. ಇನ್ನು ನಾನೇ ಖುದ್ದಾಗಿ ಹೋಗುವುದೇ ದಾರಿ ಎಂದು ಹೂವಪ್ಪನವರಿಗೂ ಹೇಳದೆ ಹೊರಟೆ.

ಬಟ್ಟೆಮಲ್ಲಪ್ಪದಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಕಂಡಕ್ಟರು ಇಳಿದು ಚಹಾ ಕುಡಿದ, ನಾನು ಬಾಯಲ್ಲೇ ಮಾತು ಜೋಡಿಸಿಕೊಂಡೆ. ಹಳೆಯ ಸ್ನೇಹ ಎಂಬುದು ಎಷ್ಟು ಗಟ್ಟಿಯೋ ಅಷ್ಟೇ ಮುನಿಸಿನದು. ನಾನು ಹೋಗಿ ಇನ್ನಷ್ಟು ಕೆಡಿಸಿದರೆ ಹೂವಪ್ಪ ಇನ್ನೊಂದು ಕಥೆ ಬರೆಯುವುದಿಲ್ಲ, ಅದು ನನ್ನ ತಲೆಗೇ ಸುತ್ತಿಕೊಳ್ಳುತ್ತದೆ. ಹೊಸನಗರದಲ್ಲಿ ಇಳಿದಾಗ ಹತ್ತು ಗಂಟೆ ಹತ್ತಿರ. ಬಿಸಿಲು ಬಂದಿತ್ತು. ಭಟ್ಟರ ಮನೆ ಎಲ್ಲಿ ಎಂದು ಹೂವಿನ ಅಂಗಡಿಯಲ್ಲಿ ಕೇಳಿದರೆ, ಯಾವ ಕಾರ್ಯಕ್ಕೆ, ಎಷ್ಟು ಎಲೆ ಎಂದು ಅವರೇ ತಿರುಗಿ ಕೇಳಿದರು. ಕಾಲು ಗಂಟೆಯ ನಡಿಗೆ.

ಭಟ್ಟರು ಮನೆಯಲ್ಲಿರಲಿಲ್ಲ. ತೀರ್ಥಹಳ್ಳಿಯಲ್ಲಿ ಮದುವೆ, ನಿನ್ನೆಯೇ ಪಾತ್ರೆ ಸಮೇತ ಹೋಗಿದ್ದಾರೆ, ಬರುವುದು ನಾಡಿದ್ದು ಎಂದು ಅವರ ಹೆಂಡತಿ ಜಾನಕಮ್ಮ ಹೇಳಿದರು. ನಾನು ಯಾರು ಎಂದು ತಿಳಿದಾಗ ಅವರ ಮುಖ ಸ್ವಲ್ಪ ಬಿಗಿದುಕೊಂಡಿತು. ಆದರೂ ಒಳಗೆ ಕರೆದು ಮಜ್ಜಿಗೆ ಕೊಟ್ಟರು. ನಾನು ಕತ್ತರಿಯ ಕಥೆಯನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಅವರು ಊಟಕ್ಕೆ ಬಾಳೆಲೆ ಒರೆಸುತ್ತಿದ್ದರು. ಹನ್ನೊಂದೂವರೆಗೇ ಅನ್ನ, ಒಂದೆಲಗದ ತಂಬುಳಿ, ಹಲಸಿನ ಹಪ್ಪಳ. ಬಡಿಸುತ್ತಾ ಆ ದಿನದ್ದನ್ನು ಹೇಳಿದರು. ಭಟ್ಟರಿಗೆ ಫೋನಿನ ಸಣ್ಣ ಅಕ್ಷರ ಕಾಣುವುದಿಲ್ಲ, ಸಂದರ್ಶನವನ್ನು ಗಟ್ಟಿಯಾಗಿ ಓದಿದ್ದು ಜಾನಕಮ್ಮನೇ.

“ಮುಗೀತು ಅಂದೆ. ಅವ್ರು ‘ಇನ್ನೂ ಕೆಳಗೆ ಇದ್ದು, ನೋಡೆ’ ಅಂದ್ರು. ಬೆರಳಲ್ಲಿ ಎಳೆದೂ ಎಳೆದೂ ತೋರ್ಸಿದೆ. ಕೆಳಗೆ ಎಂತದೂ ಇರ್ಲಿಲ್ಲೆ ತಂಗಿ.”

ಆ ಪುಟದ ಕೆಳಗೆ ಏನಿರುತ್ತದೆಂದು ನನಗೆ ಗೊತ್ತು, ಲೇಖನವನ್ನು ಹಂಚಿಕೊಳ್ಳಿ ಎಂಬ ನಾಲ್ಕು ಬಣ್ಣದ ಗುಂಡಿಗಳು. ಸಂಜೆಯೊಳಗೆ ಮನೆ ಸೇರುವ ಯೋಜನೆಯನ್ನು ಅಲ್ಲೇ ಬಿಟ್ಟೆ. ಹೋಗುವ ಮೊದಲು ಅವರಿಗೆ ಫೋನು ಮಾಡಿ ಹೇಳಬೇಕಾ ಎಂದು ಜಾನಕಮ್ಮನನ್ನು ಕೇಳಿದೆ. ಬೇಡ, ಹೇಳಿದರೆ ಬರಬೇಡ ಎನ್ನುತ್ತಾರೆ, ಹೋಗಿ ನಿಂತುಬಿಡಿ, ಎದುರಿಗೆ ಬಂದವರನ್ನು ಅವರು ವಾಪಸ್ ಕಳಿಸಿದವರಲ್ಲ ಎಂದರು. ಕಲ್ಯಾಣ ಮಂಟಪದ ಗುರುತು ಹೇಳಿ, ದಾರಿಗೆ ಎರಡು ಚಕ್ಕುಲಿಯನ್ನೂ ಕಟ್ಟಿಕೊಟ್ಟರು.

ಹನ್ನೆರಡೂವರೆಯ ಬಸ್ಸು ರಿಪ್ಪನ್‌ಪೇಟೆ, ಹುಂಚ, ಕೋಣಂದೂರು ಎಂದು ಸುತ್ತಿಕೊಂಡು ತೀರ್ಥಹಳ್ಳಿ ಮುಟ್ಟಿದಾಗ ಮೂರು ಗಂಟೆ ಹತ್ತಿರ. ಬಸ್ಸು ಪೂರಾ ಮದುವೆಗೆ ಹೊರಟ ಜನ. ಪಕ್ಕದಲ್ಲಿ ಕೂತಿದ್ದ ಹೆಂಗಸು ನಾನು ಯಾವ ಕಡೆಯವಳು, ಗಂಡಿನ ಕಡೆಯೋ ಹೆಣ್ಣಿನ ಕಡೆಯೋ ಎಂದು ಕೇಳಿದರು. ಅಡುಗೆಯವರ ಕಡೆ ಎಂದೆ. ಅವರು ನನ್ನ ಕೈ ನೋಡಿ, ಏನೋ ಲೆಕ್ಕ ಹಾಕಿಕೊಂಡರು. ತೀರ್ಥಹಳ್ಳಿಯಲ್ಲಿ ಬಿಸಿಲು ಚುರುಕಾಗಿತ್ತು. ತುಂಗೆಯ ಸೇತುವೆಯ ಮೇಲೆ ನಿಂತು ಎರಡು ನಿಮಿಷ ನೀರು ನೋಡಿ ಧೈರ್ಯ ತಂದುಕೊಂಡೆ. ಬಂಡೆಗಳ ನಡುವೆ ನೀರು ಸಣ್ಣಗೆ ಹರಿಯುತ್ತಿತ್ತು.

ಮಂಟಪದ ಹಿಂದಿನ ಅಡುಗೆ ಕೋಣೆಯಲ್ಲಿ ಆರು ಜನ ಕೆಲಸದಲ್ಲಿದ್ದರು. ನಡುವೆ, ಮಣೆಯ ಮೇಲೆ, ಸೊಂಟಕ್ಕೆ ಕೆಂಪು ಪಂಚೆ ಸುತ್ತಿ ಕುಂಬಳಕಾಯಿ ಹೋಳು ಮಾಡುತ್ತಿದ್ದವರೇ ಭಟ್ಟರು. ಸಣಕಲು ಆಳು, ದೊಡ್ಡ ಕಿವಿ. ಸಾಗರದಿಂದ ಬಂದೆ, ‘ದಣಪೆ’ ಎಂದಷ್ಟೇ ಹೇಳಿದೆ. ಅವರು ತಲೆ ಎತ್ತಿ ನೋಡಿದರು, ಮತ್ತೆ ಕುಂಬಳಕಾಯಿಗೆ ತಿರುಗಿದರು. ಸ್ವಲ್ಪ ಹೊತ್ತಾದ ಮೇಲೆ ಒಂದು ಬುಟ್ಟಿ ಬೀನ್ಸನ್ನು ಕಾಲಿನಿಂದ ನನ್ನ ಕಡೆ ಸರಿಸಿ, ನಾರು ತೆಗೆಯಲು ಬರುತ್ತದಾ ಎಂದು ಕೇಳಿದರು. ಬರುತ್ತದೆ ಎಂದು ಕೂತೆ. ನನ್ನ ಬದುಕಿನಲ್ಲಿ ಅಷ್ಟು ಜಾಗ್ರತೆಯಿಂದ ನಾನು ಬೀನ್ಸ್ ಬಿಡಿಸಿದ್ದಿಲ್ಲ.

ಅರ್ಧ ಬುಟ್ಟಿ ಆದ ಮೇಲೆ ಹೇಳಿಕೊಂಡೆ. ನಿಯಮ, ಕತ್ತರಿ, ತಲೆಬರಹ, ಎಲ್ಲವೂ ನನ್ನದೇ, ಹೂವಪ್ಪನವರದು ಏನೂ ಇಲ್ಲ ಎಂದೆ. ಭಟ್ಟರು ಚಾಕು ನಿಲ್ಲಿಸಲಿಲ್ಲ.

“ಹೆಸ್ರು ಹಾಕಿಲ್ಲ ಅಂತ ಬೇಜಾರಿಲ್ಲ ತಂಗಿ. ಅಡುಗೆಯವನ ಹೆಸ್ರನ್ನ ಯಾವ ಲಗ್ನಪತ್ರಿಕೇಲಿ ಹಾಕ್ತಾರೆ? ಯಾರೂ ಇರ್ಲಿಲ್ಲ ಅಂತ ಅವನ ಬಾಯಲ್ಲೇ ಬಂತು ಅಂದ್ಕಂಡೆ. ಅದು ಬೇಜಾರು.”

ನಾನು ಟೈಪು ಮಾಡಿದ ನೂರಾರು ಲಗ್ನಪತ್ರಿಕೆಗಳಲ್ಲೂ ಒಬ್ಬ ಅಡುಗೆಯವನ ಹೆಸರಿರಲಿಲ್ಲ. ಫೋನು ತೆಗೆದು ರೆಕಾರ್ಡಿಂಗ್ ಹಚ್ಚಿದೆ. ಗ್ಯಾಸ್ ಒಲೆಯ ಭುಸುಗುಟ್ಟುವಿಕೆಯಲ್ಲಿ ಏನೂ ಕೇಳಿಸಲಿಲ್ಲ. ಅವರು ಎದ್ದು ಕೈ ಒರೆಸಿಕೊಂಡು ಹಿಂದಿನ ಜಗಲಿಗೆ ಬಂದರು. ಅಲ್ಲಿ ತೆಂಗಿನಕಾಯಿ ಚೀಲದ ಮೇಲೆ ಕೂತು, ಫೋನನ್ನು ಕಿವಿಗೆ ಹಿಡಿದುಕೊಂಡರು.

ರೆಕಾರ್ಡಿಂಗಿನಲ್ಲಿ ಹೂವಪ್ಪ ಹೇಳುವುದು ಇದು. ಭಟ್ಟರ ತಾಯಿಗೆ ಬರುತ್ತಿದ್ದ ಕಾಗದಗಳನ್ನು ಇವರೇ ಓದಿ ಹೇಳಬೇಕಿತ್ತು. ಒಂದು ದಿನ ಕಾಗದ ಬಂದಿರಲಿಲ್ಲ, ಆ ಅಜ್ಜಿ ಬೇಸರ ಮಾಡಿಕೊಳ್ಳುತ್ತಾರೆಂದು ಇವರೇ ಒಂದು ಕಥೆ ಕಟ್ಟಿ ಓದಿದಂತೆ ಹೇಳಿದರು. ತರಕಾರಿ ಹೆಚ್ಚುತ್ತಾ ಕೂತಿದ್ದ ಭಟ್ಟರಿಗೆ ಕೈಯಲ್ಲಿ ಕಾಗದವಿಲ್ಲದ್ದು ಕಂಡಿತು, ಆದರೆ ಮುಂದೇನಾಯಿತು ಎಂದು ಅವರೇ ಕೇಳಿದರು. ಅಲ್ಲಿಂದ ಶುರು. ಭಟ್ಟರು ಚೆನ್ನಾಗಿದೆ ಎಂದು ಎಂದೂ ಹೇಳಿದವರಲ್ಲ. ಹೆಚ್ಚುತ್ತಲೇ ಕೇಳುವುದು ಅವರ ಕ್ರಮ. ಆಮೇಲಿನದು ಹೂವಪ್ಪನ ಮಾತಿನಲ್ಲೇ ಇರಲಿ.

“ಭಟ್ರ ಕೈ ಎಲ್ಲಿ ನಿಲ್ತದೋ ಅಲ್ಲಿ ಒಂದ್ ಅಡಿಗೆರೆ ಹಾಕ್ತಿದ್ದೆ. ಮನೆಗ್ ಬಂದು, ಗೆರೆ ಇಲ್ದಿರೋ ಸಾಲೆಲ್ಲಾ ಹೊಡೆದು ಹಾಕ್ತಿದ್ದೆ. ನಂದು ಅಂತ ಉಳಿದಿದ್ದು ಅಷ್ಟೇ ಮೇಡಂ.”

ಇದರ ನಡುನಡುವೆ ನನ್ನ ಧ್ವನಿ. ಹಾಂ, ಹಾಂ, ಸರಿ, ಮುಂದಿನ ಪ್ರಶ್ನೆಗೆ ಹೋಗೋಣ್ವಾ ಎಂದು ಎರಡು ಸಲ ಅವಸರ ಮಾಡಿದ್ದೇನೆ. ಕೇಳಿ ನಾಚಿಕೆಯಾಯಿತು. ಇಂಥ ಮಾತನ್ನು ಹಾಲು ಕೊಟ್ಟವರ ಸಾಲಿಗೆ ಸೇರಿಸಿ ಎಸೆದಿದ್ದೆನಲ್ಲ.

ಮುಗಿಯಿತು. ಭಟ್ಟರು ಇನ್ನೊಮ್ಮೆ ಹಚ್ಚಿ ಎಂದರು. ಹಚ್ಚಿದೆ. ಕಣ್ಣುಮುಚ್ಚಿ ಕೇಳಿದರು. ಮೂರನೆಯ ಸಲವೂ ಹಚ್ಚಿಸಿದರು. ಒಳಗಿನಿಂದ ಯಾರೋ ಬೆಲ್ಲ ಎಷ್ಟು ಎಂದು ಕೂಗಿ ಕೇಳಿದರೆ ಕೈ ಅಡ್ಡ ಮಾಡಿದರು. ಪಾಪ, ನಲವತ್ತು ವರ್ಷದ ಹೊಗಳಿಕೆ ಒಟ್ಟಿಗೇ ಸಿಕ್ಕಿದೆ, ಸವಿಯಲಿ ಎಂದು ನನಗೆ ಮನಸ್ಸು ತುಂಬಿ ಬಂತು. ನನ್ನ ಕೆಲಸ ಗೆದ್ದಿತು ಎಂದೂ ಒಳಗೊಳಗೇ ಬೀಗಿದೆ.

“ಇದನ್ನ ಯಾವಾಗ ಹಿಡಿದಿದ್ದು?” ಎಂದು ಕೇಳಿದರು. ಸೆಪ್ಟೆಂಬರು ಎಂದೆ. “ಇಷ್ಟ್ ಕೆಮ್ತಿದಾನಲ್ಲ. ಡಾಕ್ಟ್ರಿಗೆ ತೋರಿಸಿದ್ನಾ?”

ಯಾವ ಕೆಮ್ಮು ಎಂದು ನಾನು ಕೇಳಿದೆ. ನಿಜವಾಗಿ ಕೇಳಿದೆ. ಬರಹಕ್ಕಿಳಿಸಲು ಆ ರೆಕಾರ್ಡಿಂಗನ್ನು ಹತ್ತು ಸಲವಾದರೂ ಕೇಳಿದ್ದೇನೆ. ಭಟ್ಟರು ಬೆರಳೆತ್ತಿ ಸನ್ನೆ ಮಾಡುತ್ತಾ ನಾಲ್ಕನೆಯ ಸಲ ಹಚ್ಚಿಸಿದರು. ಅಜ್ಜಿಯ ಮಾತು ಬರುವಲ್ಲಿ ಒಂದು, ಅಡಿಗೆರೆಗೆ ಮೊದಲು ಎರಡು, ಕೊನೆಯಲ್ಲಿ ಉಸಿರು ಸಿಕ್ಕದೆ ಉದ್ದದ್ದೊಂದು. ಒಣ ಕೆಮ್ಮು, ಎದೆಯ ಆಳದ್ದು. ನಮ್ಮ ಕೆಲಸದಲ್ಲಿ ಕೆಮ್ಮು, ಸೀನು, ನಿಟ್ಟುಸಿರುಗಳನ್ನು ಬರೆದುಕೊಳ್ಳುವುದಿಲ್ಲ, ಅವು ಬರುವ ಕಡೆ ಕಿವಿ ತಾನೇ ಜಿಗಿದು ಮುಂದೆ ಹೋಗುತ್ತದೆ. ಜನವರಿಯಲ್ಲಿ ಅಂಗಡಿಗೆ ಬಂದಾಗಲೂ ಅವರು ಕೆಮ್ಮಿದ್ದರು. ಜೆರಾಕ್ಸ್ ಮೆಷಿನ್ನಿನ ಧೂಳಿರಬೇಕೆಂದು ನಾನು ಫ್ಯಾನು ಹಾಕಿದ್ದೆ. ಐದು ತಿಂಗಳ ಕೆಮ್ಮು.

ಭಟ್ಟರು ನನ್ನ ಫೋನಿನಿಂದಲೇ ಹೂವಪ್ಪನವರಿಗೆ ಕರೆ ಮಾಡಲು ಹೇಳಿದರು. ಹೂವಪ್ಪ ಎತ್ತಿ, ಹೇಳಿ ಮೇಡಂ ಎಂದರು.

“ಮೇಡಂ ಅಲ್ಲ. ಕೆಮ್ಮು ಯಾವಾಗಿಂದ?” ಎಂದರು ಭಟ್ಟರು.

ಆ ಕಡೆಯಿಂದ ಉತ್ತರಕ್ಕಿಂತ ಮೊದಲು ಕೆಮ್ಮೇ ಬಂತು. ಭಟ್ಟರು ಸಂದರ್ಶನದ ಬಗ್ಗೆ ಒಂದು ಮಾತೂ ಎತ್ತಲಿಲ್ಲ, ಹೂವಪ್ಪನೂ ಎತ್ತಲಿಲ್ಲ. ಹೂವಪ್ಪನ ಹೆಂಡತಿ ಮಗಳ ಬಾಣಂತನಕ್ಕೆಂದು ಶಿಕಾರಿಪುರಕ್ಕೆ ಹೋಗಿ ಎರಡು ತಿಂಗಳಾಯಿತು, ಹೇಳುವವರಿಲ್ಲದೆ ಈ ಮನುಷ್ಯ ಶುಂಠಿ ಜಗಿದುಕೊಂಡು ದಿನ ತಳ್ಳುತ್ತಿದ್ದಾನೆ ಎಂಬುದು ಆ ಫೋನಿನಲ್ಲಿ ಹೊರಬಿತ್ತು. ಭಟ್ಟರು ಬೈದರು. ಚೆನ್ನಾಗಿ, ಹೊಟ್ಟೆ ತುಂಬ ಬೈದರು. ನಾಳೆ ಊಟದ ಪಂಕ್ತಿ ಮುಗಿಸಿ ಬರುತ್ತೇನೆ ಎಂದು ಫೋನನ್ನು ನನ್ನ ಕೈಗೆ ಕೊಟ್ಟು, ಬೆಲ್ಲ ಹೇಳಲು ಒಳಗೆ ಹೋದರು.

ಆ ರಾತ್ರಿ ತೀರ್ಥಹಳ್ಳಿಯಲ್ಲಿ ಚಿಕ್ಕಮ್ಮನ ಮಗಳ ಮನೆಯಲ್ಲಿ ಉಳಿದೆ. ಮರುದಿನ ಕರೆಯದ ಮದುವೆಯಲ್ಲಿ ಉಂಡೆ. ಕುಂಬಳಕಾಯಿ ಹುಳಿ ಬಾಯಿಗೆ ಹಿಡಿಸಿತು, ನಾನು ನಾರು ತೆಗೆದ ಬೀನ್ಸಿನ ಪಲ್ಯಕ್ಕೆ ಜನ ಎರಡನೆಯ ಸಲ ಕೇಳಿ ಹಾಕಿಸಿಕೊಂಡರು. ಪಾತ್ರೆಗಳನ್ನು ಎಣಿಸಿ ತುಂಬಿಸುವವರೆಗೆ ಭಟ್ಟರು ಮಂಟಪ ಬಿಟ್ಟು ಹೊರಟದ್ದೇ ಇಲ್ಲವಂತೆ. ಆವತ್ತು ಅದನ್ನೆಲ್ಲ ಜೊತೆಯವರಿಗೆ ಬಿಟ್ಟು, ಅಂಗಿ ಬದಲಿಸಿ, ಎರಡು ಗಂಟೆಗೇ ನನ್ನೊಂದಿಗೆ ಬಸ್ಸು ಹತ್ತಿದರು. ಕೈಯಲ್ಲಿ ಒಂದು ಪೊಟ್ಟಣ, ಜ್ಯೇಷ್ಠಮಧು, ಕಾಳುಮೆಣಸು.

ರಿಪ್ಪನ್‌ಪೇಟೆಯಲ್ಲಿ ಬಸ್ಸು ಬದಲಿಸುವಾಗ, ಈ ಪ್ರಯಾಣದ ಬಗ್ಗೆ ಪತ್ರಿಕೆಯಲ್ಲಿ ಬರೆಯಬಹುದಾ ಎಂದು ಅವರನ್ನು ಕೇಳಿದೆ. ಮೂಲೆಯಲ್ಲಿ ಒಂದು ಸಾಲು ತಿದ್ದುಪಡಿ ಹಾಕಿ ಕೈತೊಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ. ಬರೆಯಿರಿ, ಆದರೆ ನಡುವೆ ಏನನ್ನೂ ಹಾರಿಸಬೇಡಿ ಎಂದರು. ಕಿಟಕಿಯ ಹೊರಗೆ ನೋಡುತ್ತಾ, ಅವನು ಗೆರೆ ಹಾಕುತ್ತಿದ್ದದ್ದು ನನಗೆ ಗೊತ್ತೇ ಇರಲಿಲ್ಲ ಎಂದು ಸ್ವಲ್ಪ ಹೊತ್ತಿನ ಮೇಲೆ ತಾವಾಗಿಯೇ ಹೇಳಿದರು. ಆನಂದಪುರ ದಾಟುವಾಗ ನಿದ್ದೆ ಹೋಗಿದ್ದರು.

ಸಾಗರ ತಲುಪಿದಾಗ ಐದು ದಾಟಿತ್ತು. ಇಕ್ಕೇರಿ ರಸ್ತೆಗೆ ಆಟೋ ಮಾಡಿದೆವು. ಹೂವಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದರು. ನಾನು ಇಳಿದೆ, ಭಟ್ಟರು ಇಳಿಯಲಿಲ್ಲ. ಆಟೋದೊಳಗಿಂದಲೇ, ಹತ್ತು, ಆಸ್ಪತ್ರೆಗೆ ಹೋಗಾಣ ಎಂದರು. ನಾಳೆ ಹೋದರಾಯಿತು, ಒಳಗೆ ಬನ್ನಿ ಭಟ್ರೇ, ಒಂದು ಲೋಟ ಚಹಾ ಎಂದು ಹೂವಪ್ಪ ಏನೇನೋ ಹೇಳಿ ನೋಡಿದರು. ಭಟ್ಟರು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು, ಅಷ್ಟೇ. ಹೂವಪ್ಪ ಹತ್ತಿದರು. ಹತ್ತುವಾಗ ನನ್ನ ಕೈಗೆ ಮನೆಯ ಕೀಲಿಕೈ ಕೊಟ್ಟು, ಬೀಗ ಹಾಕಿ ಪಕ್ಕದ ಮನೆಯಲ್ಲಿ ಕೊಟ್ಟು ಹೋಗಿ ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಎಕ್ಸ್‌ರೇಯಲ್ಲಿ ಹೆದರುವಂಥದ್ದೇನೂ ಇಲ್ಲ, ಕಟ್ಟಿಕೊಂಡ ಹಳೆಯ ಕಫ, ಮಾತ್ರೆಗೆ ಕರಗುತ್ತದೆ ಎಂದು ಡಾಕ್ಟರು ಹೇಳಿದ್ದು ನನಗೆ ಮರುದಿನ ತಿಳಿಯಿತು. ಆ ಹೊತ್ತಿನಲ್ಲಿ ಏನೂ ಗೊತ್ತಿರಲಿಲ್ಲ. ಆಟೋ ತಿರುವಿನಲ್ಲಿ ಮರೆಯಾಗುವವರೆಗೆ ನಿಂತು ನೋಡಿದೆ.

ದೀಪ ಆರಿಸಲು ಒಳಗೆ ಹೋದೆ. ಮೇಜಿನ ಮೇಲೆ ಗೆರೆಹಾಳೆಗಳ ಒಂದು ಕಟ್ಟಿತ್ತು, ಹೂವಪ್ಪನವರ ದುಂಡನೆಯ ಅಕ್ಷರ, ಇಪ್ಪತ್ತು ಪುಟವಾದರೂ ಇರಬೇಕು. ಸೆಪ್ಟೆಂಬರಿನಿಂದ ನಾನು ಎದುರು ನೋಡುತ್ತಿದ್ದ ಕಥೆ. ಮನೆಯಲ್ಲಿ ಯಾರೂ ಇರಲಿಲ್ಲ. ಕನ್ನಡಕ ನನ್ನ ನೆತ್ತಿಯ ಮೇಲಿತ್ತು, ಕೆಳಗಿಳಿಸಿದ್ದರೆ ಸಾಕಿತ್ತು. ಇಳಿಸಲಿಲ್ಲ. ಭಟ್ಟರು ಇನ್ನೂ ಕೇಳದ ಕಥೆ, ಯಾವ ಪುಟದಲ್ಲೂ ಒಂದು ಅಡಿಗೆರೆ ಬಿದ್ದಿರಲಿಕ್ಕಿಲ್ಲ. ದೀಪ ಆರಿಸಿ, ಬೀಗ ಹಾಕಿಕೊಂಡು ಹೊರಗೆ ಬಂದೆ.